ಒಂದು ಎಚ್‌ಪಿ ಹಾಕಿ ಐದು ತೆಗೆಯುವ ಯಂತ್ರ

ಡೀಸೆಲ್ ಬೇಡ, ಬಿಸಿಲೂ ಬೇಡ. ಒಂದು ಎಚ್‌ಪಿ ಮೋಟಾರು ಭಾರದ ಚಕ್ರವನ್ನು ತಿರುಗಿಸಿದರೆ ಐದು ಎಚ್‌ಪಿ ಪಂಪು ಓಡುವಷ್ಟು ಕರೆಂಟು ಬರುತ್ತದಂತೆ. ಬೆಲೆ 90 ಸಾವಿರ. ತ್ರೀ ಫೇಸ್ ಯಾವಾಗ ಬರುತ್ತೋ ಎಂದು ಕಾಯುವ ನಮ್ಮ ತುಮಕೂರು ಜಿಲ್ಲೆಯ ಕೋರ ಹೋಬಳಿಯ ತೋಟದವರಿಗೆ ಈ ಮಾತು ಕಿವಿಗೆ ಹಿತ. ಅಕ್ಕನ ಮಗ ಮುಂಗಡ ಕೊಡಲು ಹೊರಟಿದ್ದ, ನಾನೂ ಜೊತೆಗೆ ಹೋದೆ.

ಮಾರುವವನು ಹತ್ತು ಬಲ್ಬು ಉರಿಸಿ ತೋರಿಸಿದ. ಎಲ್ಲ 9 ವ್ಯಾಟಿನ ಎಲ್‌ಇಡಿ, ಹತ್ತೂ ಸೇರಿ 90 ವ್ಯಾಟ್. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಗೋಡೆಯ ಪ್ಲಗ್ಗಿನಿಂದ ಎಷ್ಟು ಒಳಗೆ ಹೋಗುತ್ತಿದೆ ಎಂದು ಅಳೆಯುವ ಮೀಟರು ಅಲ್ಲಿರಲಿಲ್ಲ.

“ಐದು ಪಟ್ಟು ಬರೋದಾದ್ರೆ ಆ ಪ್ಲಗ್ ಕಿತ್ತು, ಅದರ ಕರೆಂಟಿಂದಲೇ ಅದನ್ನ ಓಡ್ಸಪ್ಪ” ಎಂದೆ.

“ಅದಕ್ಕೆ ಕಂಪನಿ ಪರ್ಮಿಷನ್ ಬೇಕು ಸಾರ್.”

ಚಕ್ರ ತನಗೆ ಕೊಟ್ಟ ಶಕ್ತಿಯನ್ನು ಕೊಂಚ ಹೊತ್ತು ಹಿಡಿದಿಡಬಲ್ಲದು, ಹುಟ್ಟಿಸಲಾರದು. ಅದು ಹಾಗಿರಲಿ, ದುಡ್ಡಿನ ಲೆಕ್ಕವನ್ನೇ ನೋಡೋಣ. ಅವನ ಮಾತು ನಿಜವಾದರೆ ನಾಲ್ಕು ಎಚ್‌ಪಿ, ಅಂದರೆ ಸುಮಾರು 3 ಕಿಲೋವ್ಯಾಟ್ ಮಿಕ್ಕಬೇಕು. ಹಗಲಿರುಳೂ ಓಡಿಸಿದರೆ ದಿನಕ್ಕೆ 72 ಯೂನಿಟ್. ಯೂನಿಟ್ಟಿಗೆ ಮೂರೇ ರೂಪಾಯಿ ಹಿಡಿದರೂ ತಿಂಗಳಿಗೆ ಆರು ಸಾವಿರ ದಾಟುತ್ತದೆ, ಒಂದೂಕಾಲು ವರ್ಷದೊಳಗೆ ಅಸಲು ವಾಪಸ್. ಇಂಥ ಕಾಮಧೇನು ಮನೆಯಲ್ಲಿದ್ದವನು ಅದನ್ನು ಹೊತ್ತು ಊರೂರು ಯಾಕೆ ಅಲೆಯುತ್ತಾನೆ?

ಹೊಸ ಶಕ್ತಿಮೂಲವೆಲ್ಲ ಮೋಸ ಎನ್ನುತ್ತಿಲ್ಲ. ಇದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲೇ ಸೌದೆಯಿಂದ ಅನಿಲ ತೆಗೆದು, ಎಂಜಿನ್ ಓಡಿಸಿ, ಮನೆಗಳಿಗೆ ದೀಪ ಕೊಟ್ಟರು. ಅಲ್ಲಿ ಪವಾಡದ ಮಾತಿರಲಿಲ್ಲ. ಎಷ್ಟು ಸೌದೆ, ಜೊತೆಗೆ ಎಷ್ಟು ಡೀಸೆಲ್, ಎಷ್ಟು ಯೂನಿಟ್ ಎಂದು ಬರೆದಿಟ್ಟು ಪ್ರಕಟಿಸಿದರು. ಉರಿಸಲು ಏನು ಬೇಕು ಎಂದು ಹೇಳುವವನನ್ನು ನಾನು ನಂಬುತ್ತೇನೆ. ಏನೂ ಬೇಡ ಎನ್ನುವವನ ಮುಂದೆ ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ.

ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ಲು ಅರ್ಧವಾಗುತ್ತದೆ ಎಂದು ಮಾರುವ ‘ಪವರ್ ಸೇವರ್’ ಡಬ್ಬಿಯದು ಇನ್ನೂ ತಮಾಷೆ. ಒಳಗೆ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರ್ ಮತ್ತು ಹಸಿರು ದೀಪ. ಮನೆಯ ಮೀಟರು ಎಣಿಸುವುದು ಯೂನಿಟ್ಟನ್ನು, ಕೆಪಾಸಿಟರ್ ಅದನ್ನು ಇಳಿಸುವುದಿಲ್ಲ. ಮೇಲಾಗಿ 2023ರ ಆಗಸ್ಟಿನಿಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಬೆಸ್ಕಾಂ ಬಿಲ್ಲು ಸೊನ್ನೆ ಬರುತ್ತಿರುವ ಮನೆಯವರೂ ಅದನ್ನು ಕೊಂಡಿದ್ದಾರೆ. ಸೊನ್ನೆಯಲ್ಲಿ ಅರ್ಧ ಉಳಿಸಲು!

ಇದೇ ಲೆಕ್ಕ ನಿಜವಾದ ಸೌರಫಲಕಕ್ಕೂ ಸಲ್ಲುತ್ತದೆ. ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟಿಗೆ 78 ಸಾವಿರ ಸಬ್ಸಿಡಿ ಇದೆ, ಫಲಕ ಕೆಲಸವನ್ನೂ ಮಾಡುತ್ತದೆ. ಆದರೆ ಬಿಲ್ಲೇ ಬಾರದ ಮನೆಗೆ ಮಿಕ್ಕ ಹಣ ಹಾಕಿದರೆ ಅದು ಮರಳಲು ಬಹಳ ವರ್ಷ ಬೇಕು. ಅಕ್ಕನ ಮಗನಿಗೆ ಅದನ್ನೂ ಹೇಳಿದೆ. “ಹಾಗಾದ್ರೆ ಏನ್ ತಗೊಳ್ಳಲಿ ಮಾಮ?” ಎಂದ. ಸದ್ಯಕ್ಕೆ ಏನೂ ಬೇಡ, ಆ ದುಡ್ಡು ಬ್ಯಾಂಕಿನಲ್ಲಿರಲಿ ಎಂದೆ.