ಅವ್ವನ ನೆನಪಿನ ಪರೀಕ್ಷೆ ಅವಳ ಮಾತಿನಲ್ಲೇ ಆಗಲಿ

ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಗೋವಾಕ್ಕೆ ದುಡಿಯಲು ಬಂದು ಕಲಂಗುಟ್ ಸುತ್ತಮುತ್ತ ನೆಲೆ ನಿಂತ ಕನ್ನಡ ಕುಟುಂಬಗಳು ಕಡಿಮೆಯೇನಿಲ್ಲ. ಇಲ್ಲಿ ಕೆಲಸ, ಬಾಡಿಗೆ ಮನೆ ಗಟ್ಟಿಯಾದ ಮೇಲೆ ಊರಲ್ಲಿ ಒಂಟಿಯಾದ ಅವ್ವನನ್ನೋ ಅಪ್ಪನನ್ನೋ ಮಕ್ಕಳು ಕರೆತರುತ್ತಾರೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅನುಮಾನ ಶುರುವಾಗುತ್ತದೆ. ಹೇಳಿದ್ದನ್ನೇ ಹೇಳುತ್ತಾಳೆ, ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾಳೆ, ಹೊರಗೆ ಹೋದರೆ ದಾರಿ ತಪ್ಪುತ್ತಾಳೆ. ಅರವತ್ತಕ್ಕೆ ಅರಳು ಮರಳು ಎಂದು ಸುಮ್ಮನಿರುವವರು ಕೆಲವರು. ಡಾಕ್ಟರರ ಬಳಿ ಓಡಿ, ಹತ್ತು ನಿಮಿಷದ ಪರೀಕ್ಷೆಯ ಅಂಕ ಕೇಳಿ ಎದೆಗುಂದುವವರು ಇನ್ನು ಕೆಲವರು.

ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ, ಅಂದರೆ ನೆನಪು ಮತ್ತು ಬುದ್ಧಿ ಕುಂದುವ ಕಾಯಿಲೆ, ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿದೆ. ಹಾಗಾಗಿ ಸುಮ್ಮನಿರುವುದು ತಪ್ಪು. ಆದರೆ ಬೇರೆ ಭಾಷೆಯಲ್ಲಿ, ಶಾಲೆ ಕಲಿತವರಿಗೆಂದು ಮಾಡಿದ ಪ್ರಶ್ನೆಗಳಿಂದ ಬಂದ ಅಂಕವನ್ನು ಹಾಗೇ ನಂಬುವುದೂ ಅಷ್ಟೇ ತಪ್ಪು. ಪರೀಕ್ಷೆಗೆ ಕರೆದೊಯ್ಯುವ ಮಕ್ಕಳಿಗೆ ಇಲ್ಲೊಂದಿಷ್ಟು ತಯಾರಿ ಬೇಕಾಗುತ್ತದೆ.

ಮೊದಲು ಮನೆಯಲ್ಲಿ ಬರೆದಿಡಿ

ಎರಡು ಮೂರು ವಾರ ಒಂದು ನೋಟ್‌ಬುಕ್ ಇಟ್ಟು, ಕಂಡದ್ದನ್ನು ತಾರೀಖು ಸಮೇತ ಬರೆಯಿರಿ. 'ಮರೆವು ಜಾಸ್ತಿಯಾಗಿದೆ' ಎಂದು ಬರೆದರೆ ಡಾಕ್ಟರಿಗೆ ಉಪಯೋಗವಿಲ್ಲ. 'ಮಂಗಳವಾರ ಮಧ್ಯಾಹ್ನ ಉಂಡು ಅರ್ಧ ತಾಸಿಗೆ, ಊಟಕ್ಕೆ ಕೊಡಲೇ ಇಲ್ಲ ಎಂದಳು' ಎಂದರೆ ಉಪಯೋಗವಿದೆ. ನೆರೆಮನೆಯ ಮುದುಕಿಯೊಂದಿಗೆ ಹೋಲಿಸಬೇಡಿ, ಅವಳು ಹಿಂದೆ ಹೇಗಿದ್ದಳೋ ಅದರೊಂದಿಗೆ ಹೋಲಿಸಿ. ಎಳ್ಳ ಅಮಾವಾಸ್ಯೆಗೆ ಹತ್ತು ಮಂದಿಗಾಗುವಷ್ಟು ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ ಒಬ್ಬಳೇ ಮಾಡುತ್ತಿದ್ದವಳಿಗೆ ಇಂದು ಸಾರಿಗೆ ಯಾವುದರ ಹಿಂದೆ ಯಾವುದು ಹಾಕಬೇಕೆಂದು ತಿಳಿಯದಿದ್ದರೆ ಅದು ಗಮನಿಸಬೇಕಾದ ಬದಲಾವಣೆ. ಸೀಜನ್ನಿನ ಗದ್ದಲದಲ್ಲಿ, ಒಂದೇ ತರಹ ಕಾಣುವ ಕಲಂಗುಟ್‌ನ ಓಣಿಗಳಲ್ಲಿ ಹೊಸದಾಗಿ ಬಂದವರು ದಾರಿ ತಪ್ಪುವುದು ಅಷ್ಟು ದೊಡ್ಡ ವಿಷಯವಲ್ಲ. ಊರಿನಲ್ಲಿ ಸ್ವಂತ ಮನೆಯ ದಾರಿ ತಪ್ಪಿದ್ದಳೇ ಎಂಬುದು ಮುಖ್ಯ. ಊರಿಗೆ ಫೋನ್ ಹಚ್ಚಿ ನೆರೆಯವರನ್ನು, ಸೋದರಮಾವನನ್ನು ಕೇಳಿ. ಇದೆಲ್ಲ ಅವಳು ಇಲ್ಲಿಗೆ ಬರುವ ಮೊದಲೇ ಶುರುವಾಗಿತ್ತೇ?

ಇದನ್ನೇ ಕ್ರಮವಾಗಿ ಕೇಳುವ ಎಡಿ8 ಎಂಬ ಎಂಟು ಪ್ರಶ್ನೆಗಳ ಪಟ್ಟಿಯಿದೆ. ಅದಕ್ಕೆ ಉತ್ತರ ಕೊಡುವವರು ಸಾಮಾನ್ಯವಾಗಿ ಮನೆಯವರು. ತೀರ್ಮಾನ ತೆಗೆದುಕೊಳ್ಳುವುದು, ಹಿಂದೆ ಇಷ್ಟಪಟ್ಟಿದ್ದರಲ್ಲಿ ಆಸಕ್ತಿ, ಅದೇ ಮಾತಿನ ಪುನರಾವರ್ತನೆ, ಹೊಸ ಉಪಕರಣ ಕಲಿಯುವುದು, ತಿಂಗಳು ಮತ್ತು ವರ್ಷದ ನೆನಪು, ಹಣದ ವ್ಯವಹಾರ ಇಂಥವುಗಳಲ್ಲಿ ಬದಲಾವಣೆ ಆಗಿದೆಯೇ ಎಂದು ಕೇಳುತ್ತದೆ. ಎರಡು ಅಥವಾ ಹೆಚ್ಚು ಕಡೆ 'ಹೌದು' ಬಂದರೆ ಮುಂದಿನ ತಪಾಸಣೆ ಬೇಕು. ಬದುಕಿಡೀ ಬ್ಯಾಂಕಿನ ಮೆಟ್ಟಿಲು ಹತ್ತದ ಅವ್ವನಿದ್ದರೆ ಸಂತೆಯ ಲೆಕ್ಕವನ್ನು, ಸಂಘದ ಕಂತನ್ನು ಈಗ ಹೇಗೆ ನಿಭಾಯಿಸುತ್ತಾಳೆ ಎಂದು ಯೋಚಿಸಿ ಉತ್ತರ ಕೊಡಿ.

ಒಂದು ಎಚ್ಚರಿಕೆ. ಗೊಂದಲ ಎರಡು ಮೂರು ದಿನದಲ್ಲಿ ದಿಢೀರನೆ ಬಂದಿದ್ದರೆ, ಹಗಲು ಮಂಪರು, ರಾತ್ರಿ ಬಡಬಡಿಕೆ ಇದ್ದರೆ ನೆನಪಿನ ಪರೀಕ್ಷೆಗೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಮೂತ್ರದ ಸೋಂಕು, ಸೋಡಿಯಂ ಇಳಿಕೆ, ಹೊಸ ಮಾತ್ರೆ ಇವು ಮುದುಕರಲ್ಲಿ ಸನ್ನಿ ತರುತ್ತವೆ. ಹಿಂದಿನ ಕೆಲವು ವಾರಗಳಲ್ಲಿ ಬಿದ್ದು ತಲೆಗೆ ಪೆಟ್ಟಾಗಿದ್ದರೆ ಅದನ್ನು ತಪ್ಪದೇ ಹೇಳಿ. ಮಿದುಳಿನ ಹೊದಿಕೆಯಡಿ ನಿಧಾನವಾಗಿ ರಕ್ತ ಸೇರಿರಬಹುದು.

ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು

ಕಲಂಗುಟ್‌ನವರಿಗೆ ಹತ್ತಿರದ್ದು ಕ್ಯಾಂಡೋಲಿಮ್‌ನ ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಮೇಲೆ ಮಾಪುಸಾದ ಉತ್ತರ ಗೋವಾ ಜಿಲ್ಲಾ ಆಸ್ಪತ್ರೆ. ತಜ್ಞರು ಬೇಕಾದರೆ ಬಾಂಬೋಲಿಂನ ಗೋವಾ ವೈದ್ಯಕೀಯ ಕಾಲೇಜು ಮತ್ತು ಅಲ್ಲಿಯೇ ಇರುವ ಮನೋವೈದ್ಯಕೀಯ ಸಂಸ್ಥೆ. ಮಳೆಗಾಲದಲ್ಲಿ ವ್ಯಾಪಾರ ತಣ್ಣಗಿರುತ್ತದೆ, ಮಕ್ಕಳಿಗೆ ಪುರುಸೊತ್ತಿರುತ್ತದೆ. ಹಾಗೆಂದು ಅಕ್ಟೋಬರಿನಲ್ಲಿ ಕಂಡ ಲಕ್ಷಣಕ್ಕೆ ಜೂನ್‌ವರೆಗೆ ಕಾಯುವುದು ಬೇಡ.

ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ಒಯ್ಯಿರಿ. ನಿದ್ದೆ ಮಾತ್ರೆ, ಅಲರ್ಜಿಯ ಕೆಲವು ಮಾತ್ರೆಗಳೂ ಬುದ್ಧಿಯನ್ನು ಮಂಕಾಗಿಸುತ್ತವೆ. ಕನ್ನಡಕ, ಕಿವಿಯ ಯಂತ್ರ ಮರೆಯಬೇಡಿ. ಪ್ರಶ್ನೆಯೇ ಕೇಳಿಸದವರು ಉತ್ತರ ತಪ್ಪಿದರೆ ಅದು ಮರೆವಲ್ಲ. ಬೆಳಿಗ್ಗೆ ಉಪವಾಸ ಕೂರಿಸಿ, ಮಧ್ಯಾಹ್ನ ದಣಿದ ಮೇಲೆ ಪರೀಕ್ಷೆ ಮಾಡಿಸಬೇಡಿ. ರಕ್ತಕ್ಕೆ ಖಾಲಿ ಹೊಟ್ಟೆ ಬೇಕಿದ್ದರೆ, ರಕ್ತ ಕೊಟ್ಟು ತಿಂಡಿ ತಿನ್ನಿಸಿ ಆಮೇಲೆ ಕೂರಿಸಿ.

ಪರೀಕ್ಷೆಯ ಕೋಣೆಯಲ್ಲಿ

ಹೆಚ್ಚಾಗಿ ಬಳಕೆಯಲ್ಲಿರುವುದು 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಎಂಎಂಎಸ್‌ಇ. ಒಟ್ಟು 30 ಅಂಕ. ಸಾಮಾನ್ಯವಾಗಿ 24ಕ್ಕಿಂತ ಕಡಿಮೆ ಬಂದರೆ ಸಂಶಯ. ಇದರಲ್ಲಿ ಹತ್ತು ಅಂಕ ದಿನ, ತಾರೀಖು, ಜಾಗ ಹೇಳುವುದಕ್ಕೇ ಮೀಸಲು. ಮೂರು ತಿಂಗಳ ಹಿಂದೆ ಕುಷ್ಟಗಿಯಿಂದ ಬಂದ ಅವ್ವನನ್ನು 'ಇದು ಯಾವ ಜಿಲ್ಲೆ' ಎಂದು ಕೇಳಿದರೆ ಕೊಪ್ಪಳ ಎನ್ನುತ್ತಾಳೆ. ಉತ್ತರ ಗೋವಾ ಎಂಬ ಹೆಸರನ್ನು ಅವಳಿಗೆ ಯಾರೂ ಹೇಳಿಯೇ ಇಲ್ಲ. ಅಂಕ ಹೋಯಿತು.

ಮೋಕಾ ಎಂಬುದು 2005ರದ್ದು, ಇದಕ್ಕೂ 30 ಅಂಕ, 26 ಗಡಿ. ಆರಂಭದ ಸಣ್ಣ ಕುಂದನ್ನೂ ಹಿಡಿಯುತ್ತದೆ. ಆದರೆ ಘನಾಕೃತಿ ನೋಡಿ ಬರೆ, ಗಡಿಯಾರ ಬರೆ ಎನ್ನುತ್ತದೆ. ಪೆನ್ಸಿಲ್ಲನ್ನೇ ಹಿಡಿಯದ ಕೈಗೆ ಅದು ಬೇರೆಯದೇ ಪರೀಕ್ಷೆ. 12 ವರ್ಷ ಅಥವಾ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸುವ ನಿಯಮವಿದೆ, ಶಾಲೆಯ ಮುಖವನ್ನೇ ನೋಡದವರಿಗೆ ಅದು ಏನೇನೂ ಸಾಲದು. ಓದು ಕಡಿಮೆ ಇರುವವರಿಗಾಗಿ ಮೋಕಾ ಬೇಸಿಕ್ ಎಂಬ ಬೇರೆ ರೂಪವೇ ಇದೆ.

ಮಿನಿಕಾಗ್ ಇನ್ನೂ ಚಿಕ್ಕದು. ಮೂರು ಪದ ನೆನಪಿಡಬೇಕು, ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಬೇಕು. 'ಹತ್ತು' ಎಂದ ಕೂಡಲೇ ಮುಳ್ಳು ಹತ್ತರ ಅಂಕಿಯ ಕಡೆ ಎಳೆಯುತ್ತದೆ. ಆ ಸೆಳೆತವನ್ನು ತಡೆದು ಎರಡರ ಕಡೆ ತಿರುಗಿಸಲು ಮಿದುಳಿನ ಮುಂಭಾಗ ಚೆನ್ನಾಗಿ ಕೆಲಸ ಮಾಡಬೇಕು. ಗಡಿಯಾರ ಓದಲು ಬರುವವರಲ್ಲಿ ಮಾತ್ರ ಇದಕ್ಕೆ ಅರ್ಥವಿದೆ.

ಅಕ್ಷರ ಬಾರದವರಿಗೆ ಸರಿಹೊಂದುವ ದಾರಿಯನ್ನು ನಮ್ಮ ದೇಶದಲ್ಲೇ ಹುಡುಕಿದ್ದಾರೆ. ಹರಿಯಾಣದ ಬಲ್ಲಭಗಡದ ಹಳ್ಳಿಗರಿಗಾಗಿ 1990ರ ದಶಕದಲ್ಲಿ ಸಿದ್ಧವಾದ ಎಚ್‌ಎಂಎಸ್‌ಇಯಲ್ಲಿ, ಎಂಎಂಎಸ್‌ಇಯಂತೆ ವಾಕ್ಯ ಬರೆಸುವ ಬದಲು 'ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ' ಎಂದು ಕೇಳುತ್ತಾರೆ. ನೂರರಿಂದ ಏಳೇಳು ಕಳೆಯುವ ಬದಲು ಇಪ್ಪತ್ತರಿಂದ ಮೂರು ಮೂರು ಕಳೆಸುತ್ತಾರೆ. ಕನ್ನಡದಲ್ಲಿಯೂ ಸಿದ್ಧ ಪರೀಕ್ಷೆಗಳಿವೆ. ನೂರು ಅಂಕಗಳ ಎಸಿಇ-3 ಕನ್ನಡಕ್ಕೆ ಒಗ್ಗಿಸಲ್ಪಟ್ಟಿದೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಐದು ಭಾಷೆಗಳಲ್ಲಿ ರೂಪಿಸಿದ ಪರೀಕ್ಷಾ ಸಂಪುಟದಲ್ಲಿ ಕನ್ನಡವೂ ಒಂದು. ಆದ್ದರಿಂದ 'ಕನ್ನಡದ ಆವೃತ್ತಿಯಲ್ಲಿ ಮಾಡಬಹುದೇ ಸರ್' ಎಂದು ಕೇಳುವುದಕ್ಕೆ ಸಂಕೋಚ ಬೇಡ. ಎಷ್ಟನೇ ಇಯತ್ತೆ ಓದಿದ್ದಾಳೆ, ಓದಲು ಬರುತ್ತದೆಯೇ, ಯಾವ ಮಾತಿನಲ್ಲಿ ಬೆಳೆದಳು, ಇದನ್ನು ಪ್ರಶ್ನೆ ಶುರುವಾಗುವ ಮೊದಲೇ ತಿಳಿಸಿ. ಮನೆಯಲ್ಲಿ ಲಮಾಣಿ ಮಾತಾಡುವವರಿಗೆ ಕನ್ನಡವೂ ಎರಡನೆಯ ಭಾಷೆ ಎಂಬುದು ನೆನಪಿರಲಿ.

ಅನುವಾದಕ್ಕೆ ಮಗನೇ ನಿಂತರೆ ಆಗುವುದು ಹೀಗೆ. ಡಾಕ್ಟರು ಹಿಂದಿಯಲ್ಲಿ ವಾರ ಕೇಳುತ್ತಾರೆ. ಮಗ, "ಯವ್ವಾ, ಇವತ್ತ ಸೋಮವಾರ ಅಲ್ಲೇನ?" ಎನ್ನುತ್ತಾನೆ. ಅವ್ವ, "ಹೂಂ, ಸ್ವಾಮಾರ" ಎನ್ನುತ್ತಾಳೆ. ಅಂಕ ಸಿಕ್ಕಿತು, ಕಾಯಿಲೆ ತಪ್ಪಿಸಿಕೊಂಡಿತು. ಪ್ರೀತಿಯಿಂದಲೇ ಹೀಗೆ ಆಗುತ್ತದೆ. ಕನ್ನಡ ಬಲ್ಲ ನರ್ಸೋ ಬೇರೆ ಸಿಬ್ಬಂದಿಯೋ ಇದ್ದಾರೆಯೇ ವಿಚಾರಿಸಿ. ಇಲ್ಲದಿದ್ದರೆ ಡಾಕ್ಟರು ಕೇಳಿದ್ದನ್ನಷ್ಟೇ ನೀವು ಕನ್ನಡದಲ್ಲಿ ಹೇಳಿ, ಸುಳಿವು ಕೊಡಬೇಡಿ, ತಪ್ಪು ಉತ್ತರಕ್ಕೆ ಮುಖ ಬಾಡಿಸಬೇಡಿ. ಮೊದಲೇ ಮನೆಯಲ್ಲಿ ಉತ್ತರ ಬಾಯಿಪಾಠ ಮಾಡಿಸಿ ಕರೆತರುವುದಂತೂ ಬೇಡವೇ ಬೇಡ.

ಅಂಕ ಬಂದ ಮೇಲೆ

ಈ ಪರೀಕ್ಷೆಗಳು ರೋಗ ಇದೆ ಎಂದು ತೀರ್ಪು ಕೊಡುವುದಿಲ್ಲ, ಮುಂದೆ ನೋಡಬೇಕೇ ಎಂದಷ್ಟೇ ಹೇಳುತ್ತವೆ. ಅಂಕ ಕಡಿಮೆ ಬಂದರೆ ಬಿ12, ಥೈರಾಯ್ಡ್, ಸಕ್ಕರೆ, ಸೋಡಿಯಂ ಪರೀಕ್ಷೆ, ಅಗತ್ಯವಿದ್ದರೆ ಮಿದುಳಿನ ಸ್ಕ್ಯಾನ್ ಆಗಬೇಕು. ಖಿನ್ನತೆಯನ್ನೂ ಕೇಳಿ ತಿಳಿಯಬೇಕು. ಗಂಡನನ್ನು ಕಳೆದುಕೊಂಡು, ಊರು ಬಿಟ್ಟು, ಮಾತು ಬಾರದ ಜಾಗದಲ್ಲಿ ದಿನವಿಡೀ ಒಂದೇ ಕೋಣೆಯಲ್ಲಿ ಕೂತವಳು ಮಂಕಾಗಿ ಕಂಡರೆ ಅದು ದುಃಖವೂ ಇರಬಹುದು. ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆಯಿದೆ. ಅಂಕ ಚೆನ್ನಾಗಿ ಬಂದರೂ ನಿಮ್ಮ ನೋಟ್‌ಬುಕ್ ಬೇರೆ ಹೇಳುತ್ತಿದ್ದರೆ ಪಟ್ಟು ಬಿಡಬೇಡಿ.

ಡಿಮೆನ್ಷಿಯಾ ಎಂದು ಖಚಿತವಾದರೆ ಗೋವಾದಲ್ಲಿ ನೆರವಿನ ಒಳ್ಳೆಯ ಪರಂಪರೆಯಿದೆ. ಆ ನೆರವು ಏಕೆ ಬೇಕೆಂದರೆ, ಹಿಂದೆ ಇಲ್ಲಿ ನಡೆದ ಅಧ್ಯಯನವೊಂದರಲ್ಲಿ, ಲಕ್ಷಣಗಳನ್ನು ಗುರುತಿಸಿದ ಜನರೂ ಅದಕ್ಕೆ ಮುಪ್ಪನ್ನೋ ಮಕ್ಕಳ ತಾತ್ಸಾರವನ್ನೋ ಕಾರಣವಾಗಿ ಹೇಳಿದ್ದರು. ಕಾಯಿಲೆಗೆ ಮಕ್ಕಳನ್ನು ದೂರುವ ಆ ಮಾತು ಆರೈಕೆ ಮಾಡುವವರನ್ನು ಎಷ್ಟು ಕುಗ್ಗಿಸುತ್ತದೆಂದು ಅನುಭವಿಸಿದವರಿಗೇ ಗೊತ್ತು. 2008ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಗೋವಾದ ಎರಡು ತಾಲ್ಲೂಕುಗಳ 81 ಕುಟುಂಬಗಳ ಪೈಕಿ ಸುಮಾರು ಅರ್ಧದಷ್ಟು ಮನೆಗಳಿಗೆ ತರಬೇತಿ ಪಡೆದ ಸ್ಥಳೀಯರೇ ಹೋಗಿ ಮಾರ್ಗದರ್ಶನ ಕೊಟ್ಟರು. ನೋಡಿಕೊಳ್ಳುವವರ ಮಾನಸಿಕ ಒತ್ತಡ ಕಡಿಮೆಯಾಯಿತು. ಡಿಮೆನ್ಷಿಯಾ ಸೊಸೈಟಿ ಆಫ್ ಗೋವಾವನ್ನು ಸಂಪರ್ಕಿಸಿ. ಕನ್ನಡದಲ್ಲೇ ಮಾತಾಡಬೇಕೆಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಹಿರಿಯರ ಸಹಾಯವಾಣಿ 14567.

ಅಂಕಪಟ್ಟಿಯ ಜೆರಾಕ್ಸ್ ಕೇಳಿ ಪಡೆಯಿರಿ. ಅದರ ಮೇಲೆ ಪರೀಕ್ಷೆಯ ಹೆಸರು, ತಾರೀಖು, ಯಾವ ಭಾಷೆಯಲ್ಲಿ ಕೇಳಿದರು, ಯಾರು ಅನುವಾದಿಸಿದರು ಎಂದು ಬರೆಸಿ. ಆರು ತಿಂಗಳಿಗೋ ವರ್ಷಕ್ಕೋ ಅದೇ ಪರೀಕ್ಷೆಯನ್ನು ಅದೇ ಭಾಷೆಯಲ್ಲಿ ಮಾಡಿದರೆ ಮಾತ್ರ ಏರಿಳಿತ ತಿಳಿಯುತ್ತದೆ. ಮಳೆಗಾಲಕ್ಕೆ ಊರಿಗೆ ಹೋಗುವವರು ಈ ಕಡತ ಹಿಡಿದು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಬಹುದು, ಅಲ್ಲಿ ಅವ್ವ ತನ್ನ ಮಾತಿನಲ್ಲೇ ಉತ್ತರ ಕೊಡಬಹುದು.