ಮೊದಲು ಸೀಟು ಎತ್ತಿಸಿ ನೋಡು

ಚಿರಂಜೀವಿಗೆ,

ಕೋಥ್ರೂಡಿನಿಂದ ಬಾಣೇರಿನ ಆಫೀಸಿಗೆ ದಿನಾ ಸೈಕಲ್ ತುಳಿಯುತ್ತೀ ಎಂದು ತಿಳಿದು ಖುಷಿಯಾಯಿತು. ಪುಣೆಯನ್ನು ಸೈಕಲ್ಲುಗಳ ಊರು ಎನ್ನುತ್ತಿದ್ದ ಕಾಲವನ್ನು ನಾವು ಕಂಡವರು. 1972ರಲ್ಲಿ ಲೂನಾ ಮೊಪೆಡ್ ಬಂತು, ಆಕುರ್ಡಿಯಿಂದ ಬಜಾಜ್ ಸ್ಕೂಟರುಗಳು ಇಳಿದವು, ಸೈಕಲ್ಲು ಗೋಡೆಗೆ ಒರಗಿತು. 2017ರಲ್ಲಿ ಪಾಲಿಕೆ ಸೈಕಲ್ ಯೋಜನೆಗೆ ಒಪ್ಪಿಗೆ ಕೊಟ್ಟಿತೇನೋ ನಿಜ. ಆದರೆ ಸೈಕಲ್ ಟ್ರ್ಯಾಕನ್ನು ನಂಬಿ ತೆಳು ಟೈರಿನ ಗಾಡಿ ಕೊಂಡೀಯೆ, ಜೋಕೆ. ಅಲ್ಲಿ ವಡಾಪಾವ್ ಗಾಡಿ ನಿಂತಿರುತ್ತದೆ, ಸ್ಕೂಟರುಗಳು ಎದುರಿಗೇ ಬರುತ್ತವೆ.

ಹಳೆಯ ಸೈಕಲ್ಲಿಗೆ ಹಾಕಿಸಬೇಕೆಂದು ನೀನು ಕಳಿಸಿದ ಪಟ್ಟಿ ನೋಡಿದೆ: ಡಿಸ್ಕ್ ಬ್ರೇಕು, ಹೊಸ ಶಾಕಪ್, ಒಂಬತ್ತು ಗೇರು. ಅಷ್ಟನ್ನೂ ಹಾಕಿಸಿದರೆ ಹಳೆಯದೆಂದು ಉಳಿಯುವುದು ಫ್ರೇಮ್ ಒಂದೇ. ನಿನ್ನ ಮೊಣಕಾಲು ನೋಯಿಸುತ್ತಿರುವುದೂ ಅದೇ ಎಂದು ನನ್ನ ಗುಮಾನಿ. ಎಸ್ಸೆಸ್ಸೆಲ್ಸಿ ಪಾಸಾದಾಗ ನಿನ್ನಪ್ಪ ಕೊಡಿಸಿದ ಸೈಕಲ್ಲದು; ಆಮೇಲೆ ನೀನು ಬೆಳೆದೆ, ಅದು ಬೆಳೆಯಲಿಲ್ಲ.

ಒಂದು ಕೆಲಸ ಮಾಡು. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ಲನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಡು. ಕಾಲು ನೆಟ್ಟಗಾಗಬೇಕು. ಆಗದಿದ್ದರೆ ಸೀಟು ಎತ್ತು. ಸೀಟಿನ ಕೊಳವೆಯ ಮೇಲೆ ಇದಕ್ಕಿಂತ ಮೇಲೆ ಎಳೆಯಬೇಡಿ ಎಂದು ಒಂದು ಗೆರೆ ಕೊರೆದಿರುತ್ತದೆ. ಆ ಗೆರೆ ಕಾಣಿಸಿಕೊಂಡರೂ ಕಾಲು ಮಡಚಿಯೇ ಇದ್ದರೆ ಆ ಫ್ರೇಮ್ ನಿನಗೆ ಚಿಕ್ಕದು. ಉದ್ದನೆಯ ಕೊಳವೆ ಹಾಕಿಸಿ ಸಾಗಹಾಕಲು ನೋಡಬೇಡ. ಸೀಟು ಮೇಲೆ ಹೋದರೂ ಹ್ಯಾಂಡಲ್ ಅಲ್ಲೇ ಕೆಳಗೆ ಉಳಿದು ಬೆನ್ನು ಬಾಗುತ್ತದೆ. ಅಂಥ ಸೈಕಲ್ಲಿಗೆ ಒಂದು ಪೈಸೆಯೂ ಹಾಕಬೇಡ. ಹೊಸದು ಕೊಳ್ಳು.

ಕಾಲು ನೆಟ್ಟಗಾಯಿತೋ, ಹೊಸದರ ಮಾತೇ ಬೇಡ. ಪಟ್ಟಿ ಹರಿದುಹಾಕು. ಡಿಸ್ಕ್ ಬ್ರೇಕಿಗೆ ಫ್ರೇಮಿನಲ್ಲೂ ಮುಂದಿನ ಫೋರ್ಕಿನಲ್ಲೂ ಜಾಗ ಇರಬೇಕು, ಚಕ್ರಗಳ ಹಬ್ಬೂ ಬೇರೆ ಬೇಕು. ನಿನ್ನದರಲ್ಲಿ ಇವ್ಯಾವೂ ಇಲ್ಲ. ಅಗ್ಗದ ಶಾಕಪ್ಪು ಸೇನಾಪತಿ ಬಾಪಟ್ ರಸ್ತೆಯ ಏರಿನಲ್ಲಿ ನಿನ್ನ ಶಕ್ತಿಯನ್ನು ಕುಣಿದು ಕಳೆಯುವುದಕ್ಕಷ್ಟೇ ಸರಿ. ಮೊದಲು ಆ ಮುಳ್ಳುಮುಳ್ಳಿನ ಟೈರು ತೆಗೆಸಿ, ಒಂದೂವರೆ ಇಂಚಿನ ನುಣುಪು ಟೈರು ಹಾಕಿಸು. ಅಂಗಡಿಯಲ್ಲಿ ಬರೀ 26 ಎನ್ನಬೇಡ. ಹಳೆಯ ಟೈರಿನ ಪಕ್ಕದಲ್ಲಿ 559 ಎಂದಿರುತ್ತದೆ, ಅದನ್ನೇ ಹೇಳು. 590ರದ್ದನ್ನೂ 26 ಎಂದೇ ಮಾರುತ್ತಾರೆ, ಅದು ನಿನ್ನ ರಿಮ್ಮಿಗೆ ಕೂರುವುದಿಲ್ಲ. (ಪೇಟೆಯ ಅಂಗಡಿಯಾದರೆ ಮಧ್ಯಾಹ್ನ ಒಂದರಿಂದ ನಾಲ್ಕರೊಳಗೆ ಹೋಗಬೇಡ, ಪುಣೇಕರರ ನಿದ್ದೆ ಕೆಡಿಸಿದ ಪಾಪ ಬರುತ್ತದೆ.)

ಆಮೇಲೆ ಚೈನು. ಸ್ಟೀಲ್ ಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಟ್ಟು ಅಳೆ. ಹೊಸ ಚೈನಿನಲ್ಲಿ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ನಡುಭಾಗ ಸಿಗುತ್ತದೆ. ಅದು 1/16 ಇಂಚು ಆಚೆ ಸರಿದಿದ್ದರೆ ಚೈನು ಬದಲಿಸು. 1/8 ಸರಿದಿದ್ದರೆ ಹಿಂದಿನ ಫ್ರೀವೀಲೂ ಸವೆದಿರುತ್ತದೆ, ಎರಡನ್ನೂ ಒಟ್ಟಿಗೇ ಹಾಕಿಸಬೇಕಾಗುತ್ತದೆ. ಬ್ರೇಕಿನ ರಬ್ಬರು, ಕೇಬಲ್ಲು ಮಳೆಗಾಲಕ್ಕೆ ಮುಂಚೆ ಆಗಲಿ. ಈ ಖರ್ಚನ್ನು ಹೊಸ ಸೈಕಲ್ಲಿನ ಬೆಲೆಯ ಜೊತೆ ತೂಗಬೇಡ. ಹೊಸದಕ್ಕೂ ಒಂದು ದಿನ ಇದೇ ಖರ್ಚು ಬರುವುದೇ.

ಹೊಸದೇ ಆದರೆ ಗೇರು ಎಣಿಸುತ್ತ ಕೂರಬೇಡ. ಮಡ್‌ಗಾರ್ಡಿಗೂ ಕ್ಯಾರಿಯರಿಗೂ ಫ್ರೇಮಿನಲ್ಲಿ ತೂತುಗಳಿವೆಯೇ ನೋಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿದ್ಯಾಪೀಠ ಚೌಕದ ಕೆಸರು ಬೆನ್ನಿಗೆ ಹಾರುವಾಗ ಆ ತೂತುಗಳ ಬೆಲೆ ಗೊತ್ತಾಗುತ್ತದೆ. ಟೈರು 35ರಿಂದ 40 ಮಿಲಿಮೀಟರ್ ಅಗಲವಿದ್ದರೆ ಸಾಕು. ಕೊಳ್ಳುವ ಮುನ್ನ ಒಂದು ಏರು ಹತ್ತಿಸಿ ನೋಡು, ಅಂಗಡಿಯ ಮುಂದೆ ಒಂದು ಸುತ್ತು ಹೊಡೆದರೆ ಏನೂ ತಿಳಿಯದು.

ಹಳೆಯದನ್ನು ಮಾರಬೇಡ, ಬರುವ ದುಡ್ಡಿನಲ್ಲಿ ಒಂದು ಒಳ್ಳೆಯ ಬೀಗವೂ ಬರಲಾರದು. ನಿನ್ನ ತಂಗಿಗೆ ಅದು ಸರಿಯಾದ ಎತ್ತರ. ಊರ ಕಡೆ ಬಸ್ಸಿಗೆ ಹಾಕಿ ಕಳಿಸು.

ಇಂತಿ,
ನಿನ್ನ ಕಾಕಾ