ಬೀರುವಿನೊಳಗೇ ಕರಗಿದ ಬೆಲೆ

ಅಜ್ಜ ತೀರಿಕೊಂಡ ಮೇಲೆ ತೀರ್ಥಹಳ್ಳಿಯ ಮನೆಯ ಹಳೇ ಪೆಟ್ಟಿಗೆಯಲ್ಲಿ ಒಂದು ಗಂಟು ಸಿಕ್ಕಿತು. ಪಂಚೆಯ ತುಂಡಿನಲ್ಲಿ ಕಟ್ಟಿಟ್ಟ ಹದಿನೇಳು ನಾಣ್ಯಗಳು. ಐದನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಗಳೇ ಹೆಚ್ಚು, ಆರನೇ ಜಾರ್ಜ್‌ನವು ನಾಲ್ಕು, ಜೊತೆಗೆ ಆನೆಯ ಚಿತ್ರವಿದ್ದ ಟಿಪ್ಪು ಕಾಲದ ತಾಮ್ರದ ಕಾಸು ಎರಡು. ಅಡಿಕೆ ಮಾರಿದ ದುಡ್ಡಿನಲ್ಲಿ ಅಜ್ಜ ಉಳಿಸಿಟ್ಟಿದ್ದು. ಅಷ್ಟು ವರ್ಷ ಬಟ್ಟೆಯ ಗಂಟಿನಲ್ಲಿದ್ದರೂ ಅವು ಮಂಕಾಗಿದ್ದವೇ ಹೊರತು ಕೆಟ್ಟಿರಲಿಲ್ಲ.

ಅವನ್ನು ಕೆಡಿಸಿದವನು ನಾನು. ಜೋಪಾನ ಮಾಡಲು ಹೋಗಿಯೇ ಕೆಡಿಸಿದೆ.

ಬೆಂಗಳೂರಿನಲ್ಲಿ ಒಂದು ಆಲ್ಬಂ ಕೊಂಡೆ. ಮೆತ್ತಗಿನ, ಗಾಜಿನಂತೆ ಪಾರದರ್ಶಕವಾದ ಪ್ಲಾಸ್ಟಿಕ್ ಜೇಬುಗಳು. ಒಂದೊಂದರಲ್ಲಿ ಒಂದೊಂದು ನಾಣ್ಯ ಸೇರಿಸಿ, ಊರಿನ ಬೀರುವಿನಲ್ಲಿ ಬೀಗ ಹಾಕಿಟ್ಟೆ. ಮಲೆನಾಡಿನ ಹನ್ನೊಂದು ಮಳೆಗಾಲ ಕಳೆದವು. ಮನೆಯ ಮಾಡು ರಿಪೇರಿಗೆ ದುಡ್ಡು ಬೇಕಾದಾಗ, ಆರು ರೂಪಾಯಿ ನಾಣ್ಯಗಳನ್ನು ಮಾರೋಣವೆಂದು ತೆರೆದರೆ ಜೇಬುಗಳು ಅಂಟಂಟಾಗಿದ್ದವು. ನಾಣ್ಯಗಳ ಮೇಲೆ ಹಸಿರು ಜಿಡ್ಡು. ಪಕ್ಕದಲ್ಲಿ ಕೂತಿದ್ದ ಅಮ್ಮ ಒಂದನ್ನು ಕೈಗೆತ್ತಿಕೊಂಡು ನೋಡಿ, "ಇದು ಕಿಲುಬು ಕಣೋ. ಕಲಾಯಿ ಇಲ್ಲದ ಪಾತ್ರೇಲಿ ಹುಳಿ ಇಟ್ಟ ಹಾಗಾಗಿದೆ" ಅಂದಳು.

ಅಮ್ಮನ ಮಾತು ಎಷ್ಟು ನಿಜವೆಂದು ತಿಳಿಯಲು ನನಗೆ ಒಂದಿಷ್ಟು ಓದು ಬೇಕಾಯಿತು. ಆ ಆಲ್ಬಂ ಪಿವಿಸಿಯದು. ಪಿವಿಸಿ ಹುಟ್ಟಾ ಗಡುಸು. ಅದನ್ನು ಮೆತ್ತಗಾಗಿಸಲು ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ವರ್ಷಗಳು ಕಳೆದಂತೆ ಅದು ಹೊರಗೆ ಒಸರುತ್ತದೆ, ಜೇಬು ಅಂಟಾಗುತ್ತದೆ. ಅದರ ಜೊತೆಗೆ ಪ್ಲಾಸ್ಟಿಕ್ಕೂ ನಿಧಾನವಾಗಿ ಶಿಥಿಲವಾಗುತ್ತ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಗಾಳಿಯ ತೇವ ಸೇರಿದರೆ ಅದೇ ಹೈಡ್ರೋಕ್ಲೋರಿಕ್ ಆಮ್ಲ. ಆಮ್ಲಕ್ಕೆ ತಾಮ್ರ ಸಿಕ್ಕರೆ ಹಸಿರು ಕಿಲುಬು. ಅಂದರೆ ಬೀರುವಿನೊಳಗೆ ನಾನು ಹನ್ನೊಂದು ವರ್ಷ ಹುಳಿಯನ್ನೇ ಇಟ್ಟಿದ್ದೆ.

ಬೆಳ್ಳಿ ನಾಣ್ಯದಲ್ಲಿ ತಾಮ್ರ ಎಲ್ಲಿಂದ ಬಂತು ಎನ್ನಬಹುದು. ಐದನೇ ಜಾರ್ಜ್‌ನ ರೂಪಾಯಿಯಲ್ಲಿ ಬೆಳ್ಳಿ ಶೇ 91.7, ಮಿಕ್ಕಿದ್ದು ತಾಮ್ರ. 1940ರಿಂದ ಬೆಳ್ಳಿಯನ್ನು ಶೇ 50ಕ್ಕೆ ಇಳಿಸಿ, ಶೇ 40ರಷ್ಟು ತಾಮ್ರ ಸೇರಿಸಿದರು. ನನ್ನ ಆಲ್ಬಂನಲ್ಲಿ ಹೆಚ್ಚು ಪೆಟ್ಟು ತಿಂದವು ಆರನೇ ಜಾರ್ಜ್‌ನ ಈ ನಾಣ್ಯಗಳು ಮತ್ತು ಟಿಪ್ಪುವಿನ ಕಾಸುಗಳು.

ಇನ್ನು ದುಡ್ಡಿನ ಮಾತು. ಮಾರಲು ಒಯ್ದಾಗ ನಾಣ್ಯದ ಅಂಗಡಿಯವರು ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿ, "ಬೆಳ್ಳಿ ತೂಕದ ಲೆಕ್ಕ ಹಾಕಬಹುದು ಸಾರ್, ನಾಣ್ಯ ಅಂತ ತಗೊಳ್ಳೋಕಾಗಲ್ಲ" ಅಂದರು. ಆ ಒಂದು ಮಾತಿನಲ್ಲಿ ಇಡೀ ಪಾಠ ಇತ್ತು. ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಶೇ 91.7ರ ಲೆಕ್ಕದಲ್ಲಿ ಅದರಲ್ಲಿರುವ ಅಪ್ಪಟ ಬೆಳ್ಳಿ ಸುಮಾರು 10.7 ಗ್ರಾಂ. ಎಷ್ಟೇ ಕೆಟ್ಟರೂ ಅಷ್ಟಕ್ಕೆ ಬೆಲೆ ಇದ್ದೇ ಇದೆ. ಅದರ ಮೇಲೆ ಸಂಗ್ರಾಹಕ ಕೊಡುವುದೆಲ್ಲ ಇಸವಿಗೆ, ಟಂಕಸಾಲೆಗೆ, ಎಲ್ಲಕ್ಕಿಂತ ಹೆಚ್ಚಾಗಿ ನಾಣ್ಯದ ಮೈಗೆ. ಮೈ ಕೆಟ್ಟ ದಿನ ಆ ಭಾಗ ಹೋಯಿತು. ತಾಮ್ರದ ಕಾಸಿಗಂತೂ ಕೆಳಗೆ ಆತುಕೊಳ್ಳಲು ಏನೂ ಇಲ್ಲ, ಲೋಹದ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಬ್ಯಾಂಕಿನ ಠೇವಣಿ ಬಡ್ಡಿ ತರುತ್ತದೆ, ಮನೆ ಬಾಡಿಗೆ ತರುತ್ತದೆ. ನಾಣ್ಯ ಎರಡನ್ನೂ ತರದು. ಇದ್ದ ಹಾಗೇ ಇರುವುದಷ್ಟೇ ಅದರ ದುಡಿಮೆ.

ಹಾಗಾಗಿ ನಿಮ್ಮ ಮನೆಯಲ್ಲಿ ಹಳೇ ನಾಣ್ಯಗಳಿದ್ದರೆ ಮೊದಲು ಅವುಗಳ ಜೇಬು ಮುಟ್ಟಿ ನೋಡಿ. ಮೆತ್ತಗೆ, ಜೋತು ಬೀಳುವಂತಿದ್ದು, ಹೊಸ ರೇನ್‌ಕೋಟಿನ ವಾಸನೆ ಬಂದರೆ ಪಿವಿಸಿ ಎಂದು ಅನುಮಾನಿಸಿ. ಖಾಲಿ ಜೇಬಿನ ಚೂರೊಂದನ್ನು ನೀರಿಗೆ ಅದ್ದಿ ಬಿಡಿ: ತೇಲಿದರೆ ಪಿವಿಸಿ ಅಲ್ಲ. ಮುಳುಗಿದರೆ ಮಾತ್ರ ತೀರ್ಮಾನಕ್ಕೆ ಬರಬೇಡಿ. ಮೈಲಾರ್ ಎಂಬ ಒಳ್ಳೆಯ ಪಾಲಿಯೆಸ್ಟರ್ ಹಾಳೆ ಕೂಡ ಮುಳುಗುತ್ತದೆ. ಆದರೆ ಮೈಲಾರ್ ಗಡುಸಾಗಿ ಪರಪರ ಸದ್ದು ಮಾಡುತ್ತದೆ. ಮೈಲಾರ್, ಪಾಲಿಪ್ರೊಪಿಲೀನ್, ಅಕ್ರಿಲಿಕ್ ಕ್ಯಾಪ್ಸೂಲ್ — ಇವು ಮೂರೂ ನಂಬಬಹುದಾದವು. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ನ್ಯೂಸ್‌ಪೇಪರಿನಲ್ಲೂ ಕಟ್ಟಬೇಡಿ. ಮಲೆನಾಡು, ಕರಾವಳಿಯವರು ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ.

ಹಸಿರು ಜಿಡ್ಡು ಈಗಷ್ಟೇ ಶುರುವಾಗಿದ್ದರೆ ನಾಣ್ಯ ಉಳಿಯುತ್ತದೆ. ಶುದ್ಧ ಅಸಿಟೋನ್ ಆ ಜಿಡ್ಡನ್ನು ಕರಗಿಸುತ್ತದೆ, ಲೋಹದ ತಂಟೆಗೆ ಹೋಗುವುದಿಲ್ಲ. ಗಾಜಿನ ಬಟ್ಟಲಲ್ಲಿ, ಕಿಟಕಿ ತೆರೆದು, ಒಲೆ ದೀಪಗಳಿಂದ ದೂರ ಕೂತು, ಕೆಲವು ನಿಮಿಷ ಅದ್ದಿ. ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿ, ಒರೆಸದೆ ಗಾಳಿಗೆ ಒಣಗಲು ಬಿಡಿ. ಬಣ್ಣ, ಎಣ್ಣೆ, ಸುವಾಸನೆ ಬೆರೆತ ನೇಲ್ ಪಾಲಿಶ್ ರಿಮೂವರ್ ಬೇಡ. ನನ್ನ ಹದಿನೇಳರಲ್ಲಿ ಒಂಬತ್ತು ಹೀಗೆ ಉಳಿದವು. ಉಳಿದ ಎಂಟರಲ್ಲಿ ಆಮ್ಲ ಲೋಹವನ್ನೇ ತಿಂದು ಕುಳಿ ಬಿದ್ದಿದೆ. ಕುಳಿಗೆ ಮದ್ದಿಲ್ಲ.

ಒಂದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ: ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಲಕ್ಷ್ಮೀಪೂಜೆಗೆಂದು ನಾಣ್ಯಗಳನ್ನು ಫಳಫಳ ಮಾಡುವ ರೂಢಿ ಎಷ್ಟೋ ಮನೆಗಳಲ್ಲಿದೆ. ಹೊಳಪು ಬರುವುದು ಮೇಲಿನ ಪದರ ಹೋಗುವುದರಿಂದ. ಅದರೊಡನೆ ಬೆಲೆಯೂ ಹೋಗುತ್ತದೆ.

ಈಗ ನನ್ನ ಲೆಕ್ಕದ ಪುಸ್ತಕದಲ್ಲಿ ನಾಣ್ಯದ ಬೆಲೆಯ ಕೆಳಗೇ ಅದರ ಹೋಲ್ಡರಿನ ಬೆಲೆಯನ್ನೂ ಬರೆಯುತ್ತೇನೆ. ಮೈಲಾರ್ ಕಿಟಕಿಯ ರಟ್ಟಿನ ಹೋಲ್ಡರ್ ಒಂದಕ್ಕೆ ಹೋಟೆಲಿನ ಒಂದು ಕಾಫಿಯಷ್ಟೂ ಆಗುವುದಿಲ್ಲ. ಅಂಗಡಿಯವರು ಕೊಟ್ಟ ಕವರಿನಲ್ಲೇ ನಾಣ್ಯವನ್ನು ಒಂದು ರಾತ್ರಿಯೂ ಬಿಡುವುದಿಲ್ಲ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದು ಆಯುಧಪೂಜೆಗೆ ಮನೆಯ ಸಾಮಾನು ತೊಳೆಯುವಾಗ, ಅಮ್ಮನೂ ನಾನೂ ಬೀರು ತೆರೆದು ಒಂದೊಂದೇ ನಾಣ್ಯವನ್ನು ಅಂಚು ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತೇವೆ. ನಾನು ಭೂತಗನ್ನಡಿ ಹುಡುಕುವಷ್ಟರಲ್ಲಿ ಅಮ್ಮ ಹೇಳಿಬಿಡುತ್ತಾಳೆ: "ಕಿಲುಬಿಲ್ಲ, ಇಡು."